ಲಾಯದಂಗಳದ ಸುಣ್ಣದ ಗುಂಡಿ

ಪ್ರೇಮ್‌ಕುಮಾರ್ ಇನ್ನೊಮ್ಮೆ ಯಾರ ಮೇಲಾದರೂ ಕೈಮಾಡಿದರೆ ಜಾಮೀನು ರದ್ದಾಗುತ್ತದೆ ಎಂದು ವಕೀಲರು ಹೇಳಿದ್ದು ಅವನಿಗಲ್ಲ, ಅವನ ಅಕ್ಕ ಅನುಪಮಾಗೆ. ಅವನಿಗೆ ಹೇಳಿ ಪ್ರಯೋಜನವಿಲ್ಲ ಎಂಬುದು ವಕೀಲರಿಗೂ ಗೊತ್ತಾಗಿತ್ತು. ಹಿಂದಿನ ವರ್ಷ ಕೆಸರೆಯಲ್ಲಿ ಬೈಕ್ ನಿಲ್ಲಿಸುವ ಜಾಗಕ್ಕೆ ಜಗಳವಾಡಿ ಅವನು ಒಬ್ಬನ ದವಡೆ ಮುರಿದಿದ್ದ. ಅಂದಿನಿಂದ ತಮ್ಮನ ಕೋಪ ಕಾಯುವುದೂ ಅನುಪಮಾಗೆ ಗಿಡಕ್ಕೆ ನೀರು ಬಿಡುವಷ್ಟೇ ದಿನನಿತ್ಯದ ಕೆಲಸವಾಗಿತ್ತು.

ಅವರ ನರ್ಸರಿ ಇದ್ದದ್ದು ಹಳೆಯ ಕುದುರೆ ಲಾಯದ ಹಿಂದಿನ ಅಂಗಳದಲ್ಲಿ. ಅಜ್ಜ ಆ ಲಾಯದಲ್ಲಿ ಲದ್ದಿ ಬಾಚುತ್ತಿದ್ದ. ಅಪ್ಪ ಚಿಕ್ಕಬಸವಯ್ಯ ಅದೇ ಗೊಬ್ಬರದ ಗುಡ್ಡೆಯ ಮೇಲೆ ಗುಲಾಬಿ ಕಡ್ಡಿ ನೆಟ್ಟು ವ್ಯಾಪಾರ ಶುರುಮಾಡಿದ. ಈಗ ಲಾಯದ ಮುಂಭಾಗವನ್ನು ದುರಸ್ತಿ ಮಾಡಿ ಕಾಫಿ ಅಂಗಡಿ, ಕರಕುಶಲ ಮಳಿಗೆ ತೆರೆದಿದ್ದರು. ಹಿಂಭಾಗದ ಕಮಾನುಗಳಿಗೆ ಹಳೆಯ ರೀತಿಯಲ್ಲೇ ಗಾರೆ ಮೆತ್ತುವ ಕೆಲಸ ನಡೆದಿತ್ತು. ಅದಕ್ಕಾಗಿ ಅಂಗಳದಲ್ಲೇ ಗುಂಡಿ ತೋಡಿ, ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿ ಅರಳಿಸುತ್ತಿದ್ದರು. ಕಲ್ಲು ಬಿದ್ದೊಡನೆ ನೀರು ಅನ್ನದ ಹಂಡೆಯ ಹಾಗೆ ಕುದಿಯುತ್ತಿತ್ತು.

ಲಾಯದ ಗೋಡೆಯ ಬುಡದ ನೆರಳಿನಲ್ಲಿ ಪ್ರೇಮ್‌ಕುಮಾರ್ ಹೊಸದಾಗಿ ಕಸಿ ಕಟ್ಟಿದ ಮಾವಿನ ಸಸಿಗಳಿದ್ದವು. ನಾಟಿ ಸಸಿಯ ತಲೆ ಕತ್ತರಿಸಿ, ಸೀಳಿ, ಬಾದಾಮಿ ಮಾವಿನ ಕಡ್ಡಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಿದ ಮೇಲೆ ಚಿಗುರು ಒಡೆಯುವವರೆಗೆ ಅದನ್ನು ಅಲುಗಿಸಬಾರದು. ಅವನು ಕಟ್ಟಿದ ಕಸಿ ಹತ್ತಕ್ಕೆ ಒಂಬತ್ತು ಹಿಡಿಯುತ್ತಿತ್ತು. ಅನುಪಮಾ ಕಟ್ಟಿದರೆ ಅರ್ಧವೂ ಇಲ್ಲ. ನರ್ಸರಿ ನಿಂತಿದ್ದೇ ಅವನ ಬಲಗೈ ಮೇಲೆ.

ಕೆಲಸದ ಮೇಲ್ವಿಚಾರಕ ವಾಗೀಶ ಸಸಿಗಳ ಕುಂಡದ ತೇವ ಗೋಡೆಗೆ ಏರುತ್ತದೆ, ತೆಗೆಯಿರಿ ಎಂದು ತಕರಾರು ತೆಗೆದಿದ್ದ. ಅವನ ಮಾತು ಸುಳ್ಳಲ್ಲ. ಚಿಗುರು ಬರುವವರೆಗೆ ತಾಳಿ ಎಂದು ಅನುಪಮಾ ಕೇಳಿಕೊಂಡಿದ್ದಳು, ಅವನೂ ಹೂಂ ಅಂದಿದ್ದ. ಆದರೆ ಒಂದು ಶುಕ್ರವಾರ ಅಕ್ಕ ತಮ್ಮ ಶ್ರೀರಾಂಪುರದ ಒಂದು ಮನೆಗೆ ಹುಲ್ಲುಹಾಸು ಇಳಿಸಿ ಬರುವಷ್ಟರಲ್ಲಿ ಸಸಿಗಳೆಲ್ಲ ಗಾರೆ ಕೆಲಸದವರ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಕಟ್ಟು ಬಿಚ್ಚಿದ್ದವು, ಕಡ್ಡಿ ಕಳಚಿದ್ದವು.

"ಸಾಯಂಕಾಲ ಇನ್‌ಸ್ಪೆಕ್ಷನ್ ಐತೆ ಕಣಮ್ಮ," ಎಂದ ವಾಗೀಶ. "ನಾನೇನ್ ಮಾಡ್ಲಿ? ಜೋಪಾನವಾಗೇ ಎತ್ತಿಡ್ಸಿದ್ದೀನಿ."

ಪ್ರೇಮ್‌ಕುಮಾರ್ ಒಂದು ಸಸಿಯನ್ನು ಎತ್ತಿ ಹಿಡಿದ. ಕಡ್ಡಿ ಉದುರಿತು.

"ಜೋಪಾನ ಅಂದ್ರೆ ಇದಾ?"

"ಗಿಡ ತಾನೇ. ಇನ್ನೊಂದ್ ಕಟ್ಕೋ."

"ಪ್ರೇಮಾ, ಬಾ ಈ ಕಡೆ," ಎಂದು ಅನುಪಮಾ ಅವನ ಅಂಗಿ ಹಿಡಿದಳು. ಅವನು ಬಂದನು ಕೂಡ. ನಾಲ್ಕು ಹೆಜ್ಜೆ ಅಕ್ಕನ ಹಿಂದೆ ನಡೆದ. ಅಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ಆಳುಗಳು ನೋಡುತ್ತಿದ್ದರು, ವಾಗೀಶನಿಗೆ ಗೆದ್ದ ಮೇಲೂ ಒಂದು ಮಾತು ಬೇಕಾಯಿತು.

"ಲದ್ದಿ ಬಾಚ್ಕೊಂಡು ಬಂದೋರಿಗೆ ಅಂಗಳ ಬುಟ್ಟಿದ್ದೇ ಜಾಸ್ತಿ. ಗೋಡೇನೂ ಬೇಕಂತೆ."

ಪ್ರೇಮ್‌ಕುಮಾರ್ ತಿರುಗಿ ಹೋಗಿ ಕೆನ್ನೆಗೆ ಹೊಡೆದ. ವಾಗೀಶ ಗೋಡೆಯ ಮಟ್ಟ ನೋಡುವ ಅಲ್ಯೂಮಿನಿಯಂ ಪಟ್ಟಿ ಬೀಸಿದ. ಅದರ ಅಂಚು ಪ್ರೇಮನ ಕಿವಿಯನ್ನು ಹರಿದುಹಾಕಿತು, ಅರ್ಧ ಕಿವಿ ಕೆನ್ನೆಯ ಮೇಲೆ ಜೋತುಬಿತ್ತು. ಅವನು ಅದನ್ನು ಮುಟ್ಟಿಯೂ ನೋಡದೆ ಗಾರೆ ಕಲಸುವ ಸನಿಕೆ ಎತ್ತಿಕೊಂಡ. ಮೊದಲ ಏಟು ಪಟ್ಟಿಯನ್ನು ಬಗ್ಗಿಸಿತು. ಎರಡನೆಯದು ವಾಗೀಶನ ಭುಜಕ್ಕೆ ಬಿತ್ತು. ಆಳುಗಳು ಚೆದುರಿದರು. ಹಿಂದೆ ಹಿಂದೆ ಸರಿದ ವಾಗೀಶನಿಗೆ ಬೆನ್ನ ಹಿಂದಿನ ಗುಂಡಿ ಕಾಣಲಿಲ್ಲ.

ಜಾರಿ ಮಂಡಿಯವರೆಗೆ ಅದರೊಳಗೆ ಇಳಿದ. ಕುದಿಯುವ ಸುಣ್ಣ ಮುಖಕ್ಕೆ ಹಾರಿತು. ಅವನ ಕೂಗು ಕೇಳಿ ಕಾಫಿ ಅಂಗಡಿಯಲ್ಲಿ ಕುರ್ಚಿಗಳು ಉರುಳಿದವು. ಕಣ್ಣು ಮುಚ್ಚಿಕೊಂಡೇ ಅಂಚಿನ ಇಟ್ಟಿಗೆ ಹಿಡಿದು ಮೇಲೇರಲು ನೋಡಿದ. ಪ್ರೇಮ್‌ಕುಮಾರ್ ಆ ಬೆರಳುಗಳನ್ನು ಚಪ್ಪಲಿಯಿಂದ ತುಳಿದು, ಸನಿಕೆಯನ್ನು ತಲೆಯ ಮೇಲೆತ್ತಿದ.

ಹಿಡಿದು ಎಳೆದರೆ ಅವನು ನಿಲ್ಲುವವನಲ್ಲ. ಕೆಸರೆಯಲ್ಲಿ ಮೂವರು ಎಳೆದಿದ್ದರು. ಅನುಪಮಾ ಗುಂಡಿ ತೋಡುವ ಹಾರೆಯನ್ನು ಎರಡೂ ಕೈಯಲ್ಲಿ ಹಿಡಿದು, ತಮ್ಮನ ಬಲ ಮಣಿಕಟ್ಟಿಗೆ ಗುರಿಯಿಟ್ಟು ಹೊಡೆದಳು.

ಮೂಳೆ ಮುರಿದ ಸದ್ದು ಅವಳಿಗೆ ಕೇಳಿಸಿತು. ಸನಿಕೆ ಕಳಚಿ ಬಿತ್ತು. ಪ್ರೇಮ್‌ಕುಮಾರ್ ಅಕ್ಕನನ್ನು ಒಮ್ಮೆ ನೋಡಿ, ನೇತಾಡುವ ಕೈಯನ್ನು ನೋಡಿ, ಕುಕ್ಕರಿಸಿದ.

"ಚಾಮಯ್ಯ, ಕಂಕುಳು ಹಿಡ್ಕೊ, ಎಳಿ," ಎಂದಳು ಗಾರೆಯ ಮೇಸ್ತ್ರಿಗೆ. ಇಬ್ಬರೂ ಸೇರಿ ವಾಗೀಶನನ್ನು ಎಳೆದು ಹಾಕಿದರು. ಬೂಟು ಬಿಚ್ಚಿದಾಗ ಚರ್ಮವೂ ಜೊತೆಗೆ ಬಂತು. ಚಾಮಯ್ಯ ಅವನ ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದ. ಅವಳು ಗಿಡಕ್ಕೆ ನೀರು ಬಿಡುವ ಪೈಪನ್ನು ಆ ಕಣ್ಣುಗಳಿಗೆ ಹಿಡಿದಳು. ಆಂಬುಲೆನ್ಸ್ ಬರುವವರೆಗೂ ಹಿಡಿದೇ ಇದ್ದಳು. ವಾಗೀಶ ಒದ್ದಾಡಿದ, ಅವಳ ತೋಳು ಕಚ್ಚಿದ, ಅವಳು ಬಿಡಲಿಲ್ಲ.

ವಾಗೀಶನ ಒಂದು ಕಣ್ಣು ಉಳಿಯಿತು. ಕೊಲೆಯತ್ನದ ದೂರು ದಾಖಲಾಯಿತು. ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ಪ್ರೇಮ್‌ಕುಮಾರ್‌ನ ಮಂಚದ ಪಕ್ಕ ಒಬ್ಬ ಕಾನ್‌ಸ್ಟೆಬಲ್ ಕೂತ. ಮಣಿಕಟ್ಟಿನ ಮೂಳೆಗೆ ಪ್ಲೇಟ್ ಹಾಕಿ ಕೂಡಿಸಿದ ಡಾಕ್ಟರು, ಹೆಬ್ಬೆರಳಿನ ನರ ಹೋಗಿದೆ, ಸಣ್ಣ ಕೆಲಸ ಮಾಡುವುದು ಕಷ್ಟ ಎಂದರು.

ಅನುಪಮಾ ಊಟ ತಂದಾಗ ಅವನು ಚಾವಣಿ ನೋಡುತ್ತಿದ್ದ.

"ಸಾಯಿಸ್ಬುಟ್ಟು ಜೈಲ್‌ಗೋಗ್ತಿದ್ದೆ," ಎಂದ. "ಈಗ್ಲೂ ಜೈಲೇ. ಕೈನಾದ್ರೂ ಇರ್ತಿತ್ತು."

"ಕೊಲೆ ಆಗ್ಲಿಲ್ಲ. ಬೇಗ ಬರ್ತೀಯ."

"ಬಂದು? ಕೈ ತೆಗ್ದ್ಬುಟ್ಯಲ್ಲ. ಅವ್ನ್ ಏನಾಗ್ಬೇಕು ನಿಂಗೆ?"

"ಏನೂ ಆಗ್ಬೇಕಿಲ್ಲ. ನೀನ್ ಬೇಕಿತ್ತು, ಅದಕ್ಕೇ ಹೊಡ್ದೆ."

ಅವನು ಎಡಗೈಯಿಂದ ಸ್ಟೀಲ್ ಡಬ್ಬಿ ಎತ್ತಿ ಎಸೆದ. ಅದು ಅವಳ ಹುಬ್ಬಿನ ಮೇಲೆ ಬಡಿಯಿತು. ಸಾರು, ಅನ್ನ, ರಕ್ತ ಒಟ್ಟಿಗೆ ಇಳಿದವು. ಕಾನ್‌ಸ್ಟೆಬಲ್ ಎದ್ದು ನಿಂತ. ಅವಳು ಅವನಿಗೆ ಕೂರುವಂತೆ ಕೈ ತೋರಿಸಿ, ಸೆರಗನ್ನು ಹುಬ್ಬಿಗೆ ಒತ್ತಿಕೊಂಡಳು.

"ನಿಂಗೆ ಎಡಗೈಲೂ ಗುರಿ ಐತೆ," ಎಂದಳು. "ಜೈಲಿಂದ ಬಿಟ್ಟ ದಿನದಿಂದ ಅದ್ರಲ್ಲೇ ಕಸಿ ಕಟ್ಟೋದು ಕಲಿ."

"ಕಸಿ ಚಾಕು ನನ್ ಕೈಗೆ ಕೊಟ್ಟು ಎದುರ್ಗೆ ಕೂತ್ಕೋತೀಯ ನೀನು?"

ಅವನು ಕೇಳಿದ್ದು ತಮಾಷೆಗಲ್ಲ ಎಂದು ಅವಳಿಗೆ ಗೊತ್ತಿತ್ತು.

"ಕೂತ್ಕೋತೀನಿ," ಎಂದು ನೆಲದ ಅನ್ನ ಬಳಿಯತೊಡಗಿದಳು.