ಒಡೆಯದ ಬಳೆಗಳು

ಬೆಟ್ಟಸ್ವಾಮಿ ಎರಡನೆಯವಳಾಗಿ ಮಲ್ಲಾಜಮ್ಮನನ್ನು ಮನೆಗೆ ಕರೆತಂದಾಗ, ಒಂದೇ ಒರೆಯಲ್ಲಿ ಎರಡು ಕತ್ತಿ ಎಷ್ಟು ದಿನ ಎಂದು ಕವಲಂದೆಯವರು ನಕ್ಕಿದ್ದರು. ನಕ್ಕವರ ಮಕ್ಕಳ ಸಂಸಾರಗಳೇ ಮುರಿದುಬಿದ್ದವು. ಈ ಸಂಸಾರ ಇಪ್ಪತ್ತೈದು ವರ್ಷ ನಿಂತಿತು. ಒಲೆ ಒಂದೇ ಇತ್ತು. ಮಲ್ಲಾಜಮ್ಮನ ಬಸುರು ಇಳಿದಾಗ ಹಿರಿಯವಳು ಶಿವನಂಜಮ್ಮನೇ ಬಿಸಿನೀರು ಹುಯ್ದು, ಅನ್ನ ಕಲಸಿ ತಿನ್ನಿಸಿದ್ದಳು. ನಿಜ ಹೇಳಬೇಕೆಂದರೆ ಗಂಡನ ಜೊತೆಗಿಂತ ಅವರಿಬ್ಬರೇ ತಮ್ಮತಮ್ಮಲ್ಲಿ ಹೆಚ್ಚು ಹೊಂದಿಕೊಂಡಿದ್ದರು.

ಈಗ ಬೆಟ್ಟಸ್ವಾಮಿಯ ಹೆಣಕ್ಕೆ ವಿಭೂತಿ ಬಳಿದು ಜಗಲಿಯಲ್ಲಿ ಕೂರಿಸಿದ್ದರು. ಎತ್ತುವ ಮುಂಚೆ ಹೆಂಡತಿಯ ಬಳೆ ಒಡೆಯಬೇಕು. ಇಬ್ಬರೂ ಪಕ್ಕಪಕ್ಕ ಕೂತು ಕೈ ಚಾಚಿದರು.

ಬಳೆ ಒಡೆಸಿಕೊಳ್ಳಲು ಯಾರಾದರೂ ಆಸೆಪಡುತ್ತಾರೆಯೇ? ಮಲ್ಲಾಜಮ್ಮ ಪಟ್ಟಳು. ಅವಳಿಗೆ ತಾಳಿ ಕಟ್ಟಿದ್ದು ಮುಡುಕುತೊರೆಯ ಬೆಟ್ಟದಲ್ಲಿ, ಯಾರೂ ಇಲ್ಲದ ಹೊತ್ತಿನಲ್ಲಿ. ಇವಳೂ ಹೆಂಡತಿಯೇ ಎಂದು ಹತ್ತು ಜನ ಒಪ್ಪಲು ಇದೊಂದೇ ಗಳಿಗೆ ಉಳಿದಿತ್ತು.

ಮೈದುನನ ಮಗ ರುದ್ರೇಶ್ ಅಡ್ಡ ಬಂದ. ತಾಂಡ್ಯದ ಫ್ಯಾಕ್ಟರಿಯಲ್ಲಿ ಕೆಲಸ. ಛತ್ರದಲ್ಲಿ ಊರಿಗೆಲ್ಲ ಊಟ ಹಾಕಿಸಿ ಆದ ಅವನ ಮದುವೆ ವರ್ಷ ತುಂಬುವ ಮೊದಲೇ ಮುರಿದಿತ್ತು.

"ದೊಡ್ಡವ್ವಂದು ಒಡೀರಿ, ಸಾಕು. ಇವ್ಳು ಯಾರು ಅಂತ ಒಡೀತೀರಿ? ದೊಡ್ಡಪ್ಪಂದು ಮಣ್ಣಾದ್ಮೇಲೆ ಎಂಡ್ತಿ ಅಲ್ದೋಳು ಈ ಮನೇಲಿ ಇರಂಗಿಲ್ಲ."

ಮಲ್ಲಾಜಮ್ಮ ಶಿವನಂಜಮ್ಮನ ಮುಖ ನೋಡಿದಳು. ಅಕ್ಕ ಒಂದು ಮಾತು ಅಂದರೆ ಯಾರೂ ಮೀರುವಂತಿರಲಿಲ್ಲ.

ಅತ್ತು ಅತ್ತು ಮಂಕಾಗಿದ್ದ ಶಿವನಂಜಮ್ಮ, ಅವಳ ಚಾಚಿದ ಕೈ ಹಿಡಿದು ತನ್ನ ಸೆರಗಿನಲ್ಲಿ ಮುಚ್ಚಿದಳು. "ಬುಡ್ರಪ್ಪ, ಅವ್ಳ ಕೈಲಾದ್ರೂ ಬಳೆ ಇರ್ಲಿ. ಮುಂಡೆ ಆಗೋದು ನಾನೊಬ್ಳೇ ಸಾಕು."

ಕರುಳು ಚುರ್ರೆಂದು ಆಡಿದ ಮಾತು. ಆದರೆ ಊರಿಗೆ ಅಷ್ಟೇ ಬೇಕಾಗಿತ್ತು. "ಅಕೋ, ಎಂಡ್ತಿ ತಾನೊಬ್ಳೇ ಅಂತ ದೊಡ್ಡೋಳೇ ಅಂದ್ಲಲ್ಲ!" ಎಂದರು. ತಾನು ಆಡಿದ್ದೇನು ಎಂದು ಶಿವನಂಜಮ್ಮನಿಗೆ ಹೊಳೆಯುವಷ್ಟರಲ್ಲಿ ಅವಳ ಬಳೆಗಳು ಚೂರಾಗಿದ್ದವು. "ಅಯ್ಯೋ, ಅವ್ಳೂ ಎಂಡ್ತಿನೇ ಕಣ್ರಪ್ಪ" ಎಂದು ಕೂಗಿಕೊಂಡಳು. ತಮಟೆಯ ಸದ್ದಿನಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ. ಮಲ್ಲಾಜಮ್ಮನನ್ನು ಆಗಲೇ ಹಿಂದಕ್ಕೆ ತಳ್ಳಿದ್ದರು.

ಮಾರನೆಯ ಬೆಳಗ್ಗೆ ಅವಳು ತಂಗಿಯ ಊರಿಗೆಂದು ನಂಜನಗೂಡಿನಲ್ಲಿ ನರಸೀಪುರದ ಬಸ್ಸಿಗೆ ಕಾಯುತ್ತಿದ್ದಳು. ಹೂವಿನವಳು ಬುಟ್ಟಿ ಹೊತ್ತು ನೇರ ಅವಳ ಹತ್ತಿರವೇ ಬಂದಳು.

"ಅವ್ವ, ಮುತ್ತೈದೆ ಕೈಲಿ ಬೋಣಿ ಆಗ್ಲಿ. ಒಂದ್ ಮೊಳ ತಗಳವ್ವ."

ಮಲ್ಲಾಜಮ್ಮ ಬೇಡವೆಂದು ಕೈ ಆಡಿಸಿದಳು. ಎರಡೂ ಕೈಯ ಹಸಿರು ಬಳೆಗಳು ಗಲಗಲ ಎಂದವು.