ಮುಂದಿನದು ಹಿಂದೆ

ನನ್ನ ಗಂಡ ಗ್ರೇಡಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಇಸ್ಪೀಟಿನಲ್ಲಿ ಒಳ್ಳೆಯ ಎಲೆ ಬಿದ್ದರೆ ಸಾಕು, ಅವನ ಕಿವಿ ಕೆಂಪಾಗುತ್ತಿತ್ತು. ಕ್ರಿಸ್‌ಮಸ್ಸಿಗೆ ನನಗೆ ಏನು ತಂದಿದ್ದಾನೆ ಎಂಬುದನ್ನು ಅವನ ಕಿವಿ ನೋಡಿಯೇ ಅರ್ಧ ಊಹಿಸುತ್ತಿದ್ದೆ. ಇಂಥ ಗಂಡ ಇದ್ದರೆ ಹೆಂಡತಿಗೆ ಇನ್ನೇನು ಬೇಕು ಎಂದುಕೊಂಡಿದ್ದೆ. ದಡ್ಡತನಕ್ಕೂ ಒಂದು ಮಿತಿ ಬೇಡವೇ?

ಹಾರ್ಲನ್ ಕ್ರೀಕಿನ ಹುಲ್ಲು ರನ್‌ವೇ ಪಕ್ಕದ ತಗಡಿನ ಹ್ಯಾಂಗರಿನಲ್ಲಿ, ಎಂದರೆ ವಿಮಾನದ ಶೆಡ್ಡಿನಲ್ಲಿ, ನಾವಿಬ್ಬರೂ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದೆವು. ಓಕ್ಲಹೋಮಾದ ಈ ಮೂಲೆಯಲ್ಲಿ ಅದೇನು ಹೊಸದಲ್ಲ. ಕೆಲವರು ದನ ಸಾಕುತ್ತಾರೆ, ಕೆಲವರು ವಿಮಾನ ಕಟ್ಟುತ್ತಾರೆ, ಎರಡರಲ್ಲೂ ಕೈ ಸುಟ್ಟುಕೊಳ್ಳುತ್ತಾರೆ. ಆದರೆ ಉಳಿದವರೆಲ್ಲ ವಿಮಾನಕ್ಕೆಂದೇ ಮಾಡಿದ ಇಂಜಿನ್ ಕೂರಿಸಿದರೆ, ನನ್ನ ಗಂಡ ಗುಜರಿಯಿಂದ ಒಂದು ಜಪಾನಿ ಕಾರಿನ ರೋಟರಿ ಇಂಜಿನ್ ಹೊತ್ತು ತಂದ. ಅದರಲ್ಲಿ ಮೇಲೆ ಕೆಳಗೆ ಕುಣಿಯುವ ಪಿಸ್ಟನ್ ಇಲ್ಲ. ಮೂರು ಮೂಲೆಯ ರೋಟರುಗಳು ಎರಡು, ಒಂದರ ಹಿಂದೊಂದು ಕೂತು ಗುಂಡಗೆ ಸುತ್ತುತ್ತವೆ, ಅಷ್ಟೆ. ಪಕ್ಕದ ಹ್ಯಾಂಗರಿನ ವೆಂಡೆಲ್, ದೊಡ್ಡ ವಿಮಾನಗಳ ರಿಪೇರಿ ಮಾಡಿ ನಿವೃತ್ತನಾದವನು, ಅದನ್ನು ಕಂಡ ದಿನವೇ ಶುರು ಮಾಡಿದ್ದ.

"ಏನಯ್ಯಾ, ಬಟ್ಟೆ ಒಗೆಯೋ ಮಿಷನ್ ಕೂರಿಸ್ತಿದೀಯಾ? ಮೇಲೆ ಹೋಗೋವಾಗ ನನ್ನೆರಡು ಅಂಗೀನೂ ಹಾಕ್ಕೊಂಡ್ ಹೋಗು."

ಇಂಜಿನ್ ಗ್ರೇಡಿಯದು, ತಂತಿಯ ಕೆಲಸ ನನ್ನದು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೇಬಲ್ ಕಟ್ಟಿಯೇ ಕೈ ಸವೆಸಿದವಳು. ಪ್ಲಾಸ್ಟಿಕ್ಕಿನ ಕೇಬಲ್ ಟೈ ನನಗೆ ಆಗಿಬರುವುದಿಲ್ಲ. ಅದರ ತುದಿ ಕೈ ತರಚುತ್ತದೆ, ಬಿಸಿಗೆ ಒಡೆಯುತ್ತದೆ. ಮೇಣ ಹಚ್ಚಿದ ದಾರದಲ್ಲಿ ತಂತಿಗಳನ್ನು ಜೊತೆಗೂಡಿಸಿ ಬೆರಳಗಲಕ್ಕೊಂದು ಗಂಟು ಹಾಕುತ್ತಾ ಹೋಗುವುದು ನನ್ನ ಕ್ರಮ. ನಾನು ಎಡಚಿ. ನನ್ನ ಗಂಟು ಬೇರೆಯವರ ಗಂಟಿಗೆ ತಿರುವುಮುರುವು, ನೋಡಿದ ತಕ್ಷಣ ಗೊತ್ತಾಗುತ್ತದೆ, ಬಿಚ್ಚಲು ಮಾತ್ರ ಯಾರಿಗೂ ಬರುವುದಿಲ್ಲ. ಹ್ಯಾಂಗರಿಗೆ ಯಾರೇ ಬರಲಿ, ಗ್ರೇಡಿ ಅವರನ್ನು ಕರೆದುಕೊಂಡು ಹೋಗಿ, "ನೋಡಿ, ನಮ್ಮ ನೋರೀನ್ ಕಸೂತಿ" ಎಂದು ತೋರಿಸುತ್ತಿದ್ದ. ನಾನು ಉಬ್ಬಿಹೋಗುತ್ತಿದ್ದೆ.

ಇನ್ನೊಂದು ಮಾತು ಹೇಳಲೇಬೇಕು. ನನಗೆ ವಿಮಾನ ಎಂದರೆ ಪ್ರಾಣಭಯ. ಅಣ್ಣನ ಮದುವೆಗೆ ಕ್ಯಾಲಿಫೋರ್ನಿಯಾಕ್ಕೆ ಬಸ್ಸಿನಲ್ಲಿ ಹೋದವಳು ನಾನು. ಎರಡನೇ ಸೀಟಿನಲ್ಲಿ ಕೂರುತ್ತೇನೆಂದು ಒಪ್ಪಿದ್ದು ಗ್ರೇಡಿ ಹೇಳಿದ ಒಂದೇ ಮಾತಿನ ಮೇಲೆ.

"ಆ ಕಿಡಿ ನಿನ್ನ ತಂತೀಲೇ ಹೋಗಬೇಕು ಕಣೇ. ನೀನೇ ಕಟ್ಟಿರೋದು ಅಂದ್ಮೇಲೆ ನಿನಗ್ಯಾಕೆ ಭಯ? ನೀನು ಕಟ್ಟದೆ ನಾನೂ ಹಾರಲ್ಲ."

ಹೌದಲ್ಲ ಎನಿಸಿತು. ಯಾರೋ ಮಾಡಿದ್ದನ್ನು ನಂಬುವುದು ಕಷ್ಟ, ನನ್ನ ಕೈಯನ್ನು ನಂಬಬಲ್ಲೆ. ಅವನ ಪರೀಕ್ಷೆಯ ಹಾರಾಟಗಳೆಲ್ಲ ಮುಗಿದ ಮೇಲೆ ಪಕ್ಕದಲ್ಲಿ ಕೂತು, ನನ್ನ ತಂಗಿ ಇರುವ ಟಲ್ಸಾದ ತನಕ ಹೋಗಿಬರುವುದೆಂದು ಮಾತಾಗಿತ್ತು.

ವಸಂತದಲ್ಲಿ ತಂತಿ ಜೋಡಿಸುವುದು ಮುಗಿಯಿತು. ಅಷ್ಟರಲ್ಲಿ ತಂಗಿಯ ಸೊಂಟದ ಆಪರೇಷನ್ ಬಂತು, ಅವಳ ಆರೈಕೆಗೆಂದು ಹೋದೆ. ವಾಪಸು ಬಂದಾಗ ಗ್ರೇಡಿ ಮೀಟರುಗಳ ಪ್ಯಾನೆಲ್ ಕೂರಿಸಿ ಸ್ಕ್ರೂ ಬಿಗಿದುಬಿಟ್ಟಿದ್ದ. "ಎಲ್ಲ ಚೆಕ್ ಮಾಡ್ದೆ, ಚಿನ್ನದಂಗಿದೆ" ಎಂದ. ಇಂಜಿನ್ನಿನ ಕಡೆ ಗಂಟುಗಳು ಕೆಲವು ಬಾಕಿ ಇದ್ದವು. ಅವನ್ನು ಹಾಕುವಾಗ ಅವನು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದ. ಇದನ್ನು ನೆನಪಿಟ್ಟುಕೊಳ್ಳಿ, ಟಾರ್ಚ್ ಹಿಡಿದು ನಿಂತಿದ್ದ.

ಇಂಜಿನ್ ಮೊದಲ ಸಲ ಹೊತ್ತಿಸುವ ದಿನ ನಮ್ಮ ರನ್‌ವೇಯಲ್ಲಿ ಒಂದು ಸಣ್ಣ ಹಬ್ಬ. ಮಡಚುವ ಕುರ್ಚಿ ತರುತ್ತಾರೆ, ಡೋನಟ್ ತರುತ್ತಾರೆ, ಬೆಂಕಿ ಆರಿಸುವ ಸಿಲಿಂಡರ್ ತರುತ್ತಾರೆ, ಜೊತೆಗೆ ನಗಲು ಸಿದ್ಧವಾಗಿ ಬಾಯಿಯನ್ನೂ ತರುತ್ತಾರೆ. ಗ್ರೇಡಿ ಬೆಳಿಗ್ಗೆಯೇ ಹೋಗಿದ್ದ. ನಾನು ಮನೆಯಲ್ಲಿ ಬೇಯಿಸಿದ ಮೊಟ್ಟೆಗೆ ಸಾಸಿವೆ ಮಸಾಲೆ ತುಂಬುತ್ತಾ, ಸ್ವಿಚ್ ಹಾಕಿದರೆ ಕರೆಂಟು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಮನಸ್ಸಿನಲ್ಲೇ ನಡೆದು ನೋಡುತ್ತಿದ್ದೆ. ಮುಂದಿನ ರೋಟರಿಗೆ ಬಂದಾಗ ಕೈ ನಿಂತುಹೋಯಿತು.

ಒಂದೊಂದು ರೋಟರಿಗೆ ಎರಡೆರಡು ಸ್ಪಾರ್ಕ್ ಪ್ಲಗ್. ಮೊದಲು ಒಂದು ಕಿಡಿ, ಬೆನ್ನಿಗೇ ಎರಡನೆಯದು. ಮೊದಲ ಕಿಡಿ ಎರಡೂ ರೋಟರಿಗೆ ಒಟ್ಟಿಗೇ ಹಾರುತ್ತದೆ, ಅದರ ತಂತಿ ಅದಲುಬದಲಾದರೂ ನಡೆಯುತ್ತದೆ. ಎರಡನೆಯ ಕಿಡಿ ಹಾಗಲ್ಲ, ಯಾವ ರೋಟರಿನದು ಅದಕ್ಕೇ ಹೋಗಬೇಕು. ಇಲ್ಲೊಂದು ಕಿತಾಪತಿ ಇದೆ. ಕಾರಿನಲ್ಲಿ ಫ್ಯಾನ್ ಬೆಲ್ಟ್ ಇರುವ ಕಡೆ ಇಂಜಿನ್ನಿನ ಮುಂದು. ವಿಮಾನದಲ್ಲಿ ಇಂಜಿನ್ನನ್ನು ಹಿಂದುಮುಂದು ತಿರುಗಿಸಿ ಕೂರಿಸುತ್ತಾರೆ, ಪ್ರೊಪೆಲ್ಲರ್ ಆ ಇನ್ನೊಂದು ತುದಿಗೆ ಬರುತ್ತದೆ. ಹಾಗಾಗಿ ಪುಸ್ತಕದಲ್ಲಿ ಮುಂದಿನದು ಎಂದಿರುವ ರೋಟರ್ ನಮಗೆ ಹಿಂದಿನದು. ರೋಟರಿ ಕಟ್ಟುವವರೆಲ್ಲ ಹೊಸಬರಿಗೆ ಹೇಳಿಕೊಡುವ ಮೊದಲ ಪಾಠವೇ ಅದು: ಮುಂದಿನದು ಹಿಂದೆ. ಹ್ಯಾಂಗರಿಗೆ ಬಂದ ಎಷ್ಟೋ ಜನಕ್ಕೆ ನಾನೇ ಹೇಳಿದ್ದೆ. ಅಂಥ ನಾನು, ವಸಂತದಲ್ಲಿ ತಂತಿ ಜೋಡಿಸಿದ ದಿನ ಪ್ರೊಪೆಲ್ಲರ್ ಪಕ್ಕ ನಿಂತು, ಕಣ್ಣೆದುರಿಗಿದ್ದ ರೋಟರನ್ನೇ ಮುಂದಿನದು ಎಂದುಕೊಂಡು ಎರಡನೆಯ ಕಿಡಿಯ ತಂತಿ ಜೋಡಿಸಿದ್ದೆ. ಪ್ರೊಪೆಲ್ಲರಿನ ತುದಿ ಭುಜಕ್ಕೆ ತಾಗುತ್ತಿದ್ದದ್ದು ಕೂಡ ನೆನಪಿಗೆ ಬಂತು. ಅನುಮಾನವೇ ಇಲ್ಲ.

ಇದರಿಂದ ಇಂಜಿನ್ ಕೆಡುವುದಿಲ್ಲ. ಹೊತ್ತಿಕೊಂಡರೂ ಕೆಮ್ಮುತ್ತದೆ, ಪಟಾರನೆ ಸಿಡಿಯುತ್ತದೆ, ಮೈಯೆಲ್ಲ ನಡುಗಿಸಿಕೊಂಡು ನಿಲ್ಲುತ್ತದೆ. ಎರಡು ತಂತಿ ಬದಲಿಸಿದರೆ ಎಲ್ಲ ಸರಿ. ಆದರೆ ಅಷ್ಟು ಜನರೆದುರು ಗ್ರೇಡಿಯ ಮುಖ ಹೋಗುತ್ತದಲ್ಲ, ಅದೂ ನನ್ನಿಂದ. ಮೊಟ್ಟೆಯ ಡಬ್ಬಿ ಎತ್ತಿಕೊಂಡು ಟ್ರಕ್ ಹತ್ತಿ ಓಡಿಸಿದೆ.

ಹೋಗುವಷ್ಟರಲ್ಲಿ ಗ್ರೇಡಿ ಸೀಟಿನಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡಾಗಿತ್ತು. ಅವರೆಲ್ಲ ಕಾಯುತ್ತಿದ್ದದ್ದು ನನ್ನ ಟ್ರಕ್ಕಿಗೆ. ಮೊದಲ ಸಲ ಹೊತ್ತಿಸುವಾಗ ವಿಮಾನ ಮುಂದಕ್ಕೆ ನುಗ್ಗದಂತೆ ಬಾಲವನ್ನು ಹಗ್ಗದಿಂದ ಯಾವುದಾದರೂ ಭಾರಕ್ಕೆ ಬಿಗಿಯುತ್ತಾರೆ. ವೆಂಡೆಲ್ ಕೈಬೀಸಿ ನನ್ನ ಟ್ರಕ್ಕನ್ನು ವಿಮಾನದ ಹಿಂದಕ್ಕೆ ರಿವರ್ಸಿನಲ್ಲಿ ತರಿಸಿಕೊಂಡು ಹಗ್ಗ ನನ್ನ ಕೈಗೇ ಕೊಟ್ಟ.

"ನೀನೇ ಕಟ್ಟು ತಾಯಿ. ನಿನ್ನ ಗಂಟಿನ ಮುಂದೆ ನಮ್ಮದೇನು ಲೆಕ್ಕ."

ಕಟ್ಟಿದೆ. ಕಟ್ಟಿ ರೆಕ್ಕೆಯ ಹತ್ತಿರ ಓಡಿದೆ. "ಗ್ರೇಡಿ, ಒಂದ್ನಿಮಿಷ ಇರು. ಒಂದು ವಿಷಯ ಹೇಳ್ಬೇಕು."

"ಆಮೇಲೆ ಹೇಳೇ. ಪೆಟ್ರೋಲ್ ಎಳೆಯೋ ಪಂಪ್ ಆನ್ ಮಾಡ್ಬಿಟ್ಟಿದೀನಿ, ತಡ ಮಾಡಿದ್ರೆ ಒಳಗೆಲ್ಲ ತುಂಬ್ಕೊಂಡು ಮುಳುಗೋಗುತ್ತೆ."

"ಎರಡನೇ ಕಿಡಿ..."

"ಪಕ್ಕಕ್ಕೆ ಸರೀರಿ ಎಲ್ಲ, ಪ್ರೊಪೆಲ್ಲರ್ ಹತ್ರ ಯಾರೂ ಇರಬೇಡಿ," ಎಂದು ಕೂಗಿ ಅವನು ಸ್ಟಾರ್ಟರ್ ಒತ್ತಿದ.

ನಾನು ಕಣ್ಣು ಮುಚ್ಚಿಕೊಂಡೆ. ಒಂದು ಸಲ ಉಸಿರೆಳೆದುಕೊಂಡಿತು, ಹೊತ್ತಿಕೊಂಡಿತು. ಕೆಮ್ಮಲಿಲ್ಲ, ಸಿಡಿಯಲಿಲ್ಲ. ಹೊಲಿಗೆ ಮಿಷನ್ನಿನ ಹಾಗೆ ಒಂದೇ ಸಮನೆ ಓಡಿತು. ಜನ ಚಪ್ಪಾಳೆ ಹೊಡೆದರು, ಯಾರೋ ಬೆನ್ನು ತಟ್ಟಿ, "ನೋರೀನ್, ಮೊದಲ ಸಲಕ್ಕೇ ಹಿಂಗೆ ಹೊತ್ತಿದ್ದನ್ನ ನಾ ಎಲ್ಲೂ ನೋಡಿಲ್ಲ" ಎಂದರು. ನಾನೂ ನೋಡಿರಲಿಲ್ಲ. ಹೊತ್ತಬಾರದ ರೀತಿಯಲ್ಲಿ ಹೊತ್ತಿತ್ತು ಅದು.

ಎರಡು ಕಡೆ ತಪ್ಪು ಮಾಡಿ ಒಂದಕ್ಕೊಂದು ಸರಿಹೋಗಿಬಿಟ್ಟಿತೇ? ಇಂಜಿನ್ನಿನ ಮೇಲುಹೊದಿಕೆ ತೆಗೆದಿತ್ತು. ಪ್ರೊಪೆಲ್ಲರಿನಿಂದ ದೂರ, ರೆಕ್ಕೆಯ ಬುಡದಲ್ಲಿ ನಿಂತು ಇಣುಕಿದೆ. ನನ್ನ ತಂತಿ, ನನ್ನ ಗಂಟು, ತಂತಿಗೆ ನಾನು ಅಂಟಿಸಿದ ಹೆಸರಿನ ಚೀಟಿ. ಬೆಳಿಗ್ಗೆ ನೆನಪಾದ ಹಾಗೆಯೇ ತಪ್ಪಾಗಿಯೇ ಇತ್ತು. ಆಗ ವೆಂಡೆಲ್‌ನ ಮುಖ ನೋಡಿದೆ. ಊರಿಗೆಲ್ಲ ತಮಾಷೆ ಮಾಡುವ ಮನುಷ್ಯ ತನ್ನ ಬೂಟು ನೋಡಿಕೊಂಡು ನಿಂತಿದ್ದ. ಇವನಿಗೆ ಏನೋ ಗೊತ್ತಿದೆ ಎಂದುಕೊಂಡೆ.

ರೆಕ್ಕೆ ಹತ್ತಿ ಎರಡನೇ ಸೀಟಿನಲ್ಲಿ ಕೂತೆ. ನಾನು ಅಲ್ಲಿ ಕೂತದ್ದು ಅದೇ ಮೊದಲು. ಗ್ರೇಡಿ ಹಿಗ್ಗಿನಿಂದ ನನ್ನ ತಲೆಗೆ ಇನ್ನೊಂದು ಹೆಡ್‌ಫೋನ್ ಹಾಕಿದ. ನಾನು ಬಗ್ಗಿ ಪ್ಯಾನೆಲ್ಲಿನ ಕೆಳಗೆ ಕೈಹಾಕಿದೆ. ಕಿಡಿಯ ಲೆಕ್ಕ ನೋಡುವ ಕಂಪ್ಯೂಟರ್ ಡಬ್ಬಿ ಅಲ್ಲಿದೆ, ನನ್ನ ತಂತಿಯ ಕಟ್ಟು ಚುಚ್ಚಿಕೊಳ್ಳುವುದು ಅದಕ್ಕೇ. ನನ್ನ ಗಂಟು ಒಂದೊಂದೇ ತಡವುತ್ತಾ ಹೋದೆ. ತುದಿಯ ಪ್ಲಗ್ ಡಬ್ಬಿಯಲ್ಲಿರಲಿಲ್ಲ. ಸುಮ್ಮನೆ ನೇತಾಡುತ್ತಿತ್ತು, ಕೈಗೇ ಬಂತು. ಅದರ ಜಾಗದಲ್ಲಿ ಬೇರೊಂದು ಕೇಬಲ್ ಕೂತಿತ್ತು. ಅದಕ್ಕೆ ಬಿಗಿದಿದ್ದ ಕೇಬಲ್ ಟೈ ನನ್ನ ಬೆರಳು ತರಚಿತು.

"ಗ್ರೇಡಿ, ಇದ್ಯಾವುದು?"

ಅವನ ನಗು ಇಳಿಯಿತು. "ಎಲ್ಲಾರೂ ನೋಡ್ತಿದಾರೆ ಕಣೇ. ಮನೇಲಿ ಮಾತಾಡೋಣ."

"ಯಾರು ಹಾಕಿದ್ದು?"

"ವೆಂಡೆಲ್. ನೀನು ಟಲ್ಸಾಕ್ಕೆ ಹೋಗಿದ್ದಾಗ. ತಂತಿ ಕಟ್ಟು ರೆಡಿ ಸಿಗುತ್ತಲ್ಲ, ಅದನ್ನ ತರಿಸಿ ಇಂಜಿನ್ ಕೆಳಗಿಂದ ಎಳೆದಿದ್ದು. ನಿನಗೆ ನೋವಾಗ್ಬಾರ್ದು ಅಂತ ನಿಂದನ್ನ ಮೇಲೆ ಹಾಗೇ ಬಿಟ್ವಿ." ಮೀಟರುಗಳ ಕಡೆ ನೋಡುತ್ತಲೇ, "ನಿನಗೆ ಹೆಂಗೆ ಗೊತ್ತಾಯ್ತು?" ಎಂದು ಕೇಳಿದ.

ಉಗುಳಲೂ ಆಗದು, ನುಂಗಲೂ ಆಗದು. ಗೊತ್ತಾದದ್ದು ಹೇಗೆಂದು ಹೇಳಿದರೆ ನನ್ನ ತಪ್ಪು ನಾನೇ ಒಪ್ಪಿಕೊಂಡ ಹಾಗೆ. ಆದರೂ ಹೇಳಿದೆ. ಮದುವೆಯಾದಾಗಿನಿಂದ ಅವನಿಗೆ ಹೇಳದೆ ಉಳಿಸಿಕೊಂಡದ್ದು ಯಾವುದೂ ಇರಲಿಲ್ಲ, ಅಭ್ಯಾಸ ಎಲ್ಲಿ ಬಿಡುತ್ತದೆ. "ಮುಂದಿನದು ಹಿಂದೆ ಅನ್ನೋದನ್ನ ನಾನೇ ಮರೆತಿದ್ದೆ. ಎರಡನೇ ಕಿಡೀದು. ಬೆಳಿಗ್ಗೆ ನೆನಪಾಯ್ತು. ಅದನ್ನ ಹೇಳೋಕೇ ಓಡಿಬಂದಿದ್ದು. ಇದು ಹಿಂಗೆ ಹೊತ್ತಬಾರ್ದಿತ್ತು."

ಅವನು ಕ್ಷಮೆ ಕೇಳುತ್ತಾನೆ ಎಂದುಕೊಂಡಿದ್ದೆನೋ ಏನೋ. ಅವನ ಮುಖದಲ್ಲಿ ಮೂಡಿದ್ದು ನೆಮ್ಮದಿ. ಎದೆಯ ಮೇಲಿನ ಕಲ್ಲು ಇಳಿಸಿದವನ ಹಾಗೆ ಉಸಿರು ಬಿಟ್ಟು, "ನೋಡಿದ್ಯಾ ಮತ್ತೆ?" ಎಂದ. "ಅದಕ್ಕೇ ಕಣೇ. ನಿನಗೆ ಈಗ ಕಣ್ಣು ಅಷ್ಟು ಕಾಣಲ್ಲ. ಆಕಾಶದಲ್ಲಿ ಕೈಕೊಟ್ಟಿದ್ರೆ ಗತಿ ಏನು? ನಮ್ಮಿಬ್ಬರ ಜೀವ."

"ಹೇಳಿದ್ರೆ ನಾನೇ ಸರಿ ಮಾಡ್ತಿದ್ದೆ. ಪಕ್ಕ ನಿಂತು ನೋಡು ಅಂತ ನಿನಗೇ ಹೇಳ್ತಿದ್ದೆ."

"ನೀನು ಬೇಜಾರು ಮಾಡ್ಕೋತಿದ್ದೆ."

"ವಾಪಸ್ ಬಂದ್ಮೇಲೆ ನಾನು ಅಲ್ಲಿ ಗಂಟು ಹಾಕ್ತಿದ್ನಲ್ಲ ಗ್ರೇಡಿ. ನೀನು ಟಾರ್ಚ್ ಹಿಡ್ಕೊಂಡಿದ್ದೆ."

ಎಲ್ಲಿಗೂ ಹೋಗದ ತಂತಿಗೆ ನಾನು ಮಂಡಿಯೂರಿ ಗಂಟು ಹಾಕುತ್ತಿದ್ದರೆ, ಬೆಳಕು ಹಿಡಿದು ನಿಂತು, "ಅಲ್ಲೊಂದು ಬಿಗಿ, ಅಲ್ಲೊಂದು" ಎಂದು ತೋರಿಸಿಕೊಟ್ಟಿದ್ದ. ತಪ್ಪು ನನ್ನದೇ, ಇಲ್ಲ ಎನ್ನುವುದಿಲ್ಲ. ನನ್ನ ತಂತಿ ಕಿತ್ತು ಎಸೆದು, "ನಿನ್ನ ಕೈ ನಂಬೋಕಾಗ್ತಿಲ್ಲ" ಎಂದು ಮುಖಕ್ಕೆ ಹೇಳಿದ್ದರೆ ಎರಡು ದಿನ ಅತ್ತು ಸುಮ್ಮನಾಗುತ್ತಿದ್ದೆ. ನನ್ನ ಮೂಗಿಗೆ ತುಪ್ಪ ಸವರಿ, ಬೆನ್ನ ಹಿಂದೆ ಬೇರೆಯವನ ತಂತಿ ಎಳೆಸಿ, ನನ್ನದೇ ತಂತಿ ಎಂದು ನಂಬಿಸಿ ನನ್ನನ್ನು ಆಕಾಶಕ್ಕೆ ಒಯ್ಯಲು ಹೊರಟಿದ್ದನಲ್ಲ, ಅದು ನನಗೆ ಸಹಿಸಲಾಗಲಿಲ್ಲ.

ತಂತಿ ಕತ್ತರಿಸುವ ಕಟ್ಟರ್ ಯಾವಾಗಲೂ ನನ್ನ ಏಪ್ರನ್ ಜೇಬಿನಲ್ಲೇ ಇರುತ್ತಿತ್ತು. ತಂತಿಗಳು ಇಂಜಿನ್ನಿನ ಕಡೆಗೆ ದಾಟುವ ತಗಡಿನ ಗೋಡೆಯ ತೂತಿನ ಹತ್ತಿರ ಹಿಡಿದು ನನ್ನ ಇಡೀ ಕಟ್ಟನ್ನು ಕತ್ತರಿಸಿದೆ. ಗ್ರೇಡಿ ನನ್ನ ಕೈ ಹಿಡಿಯಲು ಬಂದವನು ಅರ್ಧಕ್ಕೇ ನಿಂತ. ಇಂಜಿನ್ ಒಂದು ಏಟೂ ತಪ್ಪಲಿಲ್ಲ, ಅದರ ಪಾಡಿಗೆ ಅದು ಓಡುತ್ತಿತ್ತು. ಕಟ್ಟನ್ನು ಪ್ಯಾನೆಲ್ಲಿನ ಕೆಳಗಿನಿಂದ ಎಳೆದು ತೋಳಿಗೆ ಸುತ್ತಿಕೊಂಡು ರೆಕ್ಕೆಯ ಹಿಂದಿನಿಂದ ಇಳಿದೆ.

ವೆಂಡೆಲ್‌ನ ಹೆಂಡತಿ ಆರ್ಡಿತ್ ಡೋನಟ್ ಕೈಯಲ್ಲೇ ಹಿಡಿದುಕೊಂಡು, "ಅಯ್ಯೋ ನೋರೀನ್, ಅದು ನಿನ್ನ ಕಸೂತಿ ಅಲ್ವಾ? ಅದಿಲ್ಲದೆ ಹೆಂಗೆ ಓಡ್ತಿದೆ?" ಎಂದು ಕೇಳಿದಳು. ಪಾಪ, ಅವಳಿಗೂ ಗೊತ್ತಿರಲಿಲ್ಲ. ನಾನು ಕಟ್ಟನ್ನು ವೆಂಡೆಲ್‌ನ ಕೈಯಲ್ಲಿ ಇಟ್ಟೆ.

"ನೋರೀನ್, ನಾನು ಹೇಳ್ದೆ ಅವನಿಗೆ, ತಿಳಿಸ್ಬಿಡು ಅಂತ..."

"ನನಗೆ ಹೇಳಲಿಲ್ಲವಲ್ಲ," ಎಂದೆ.

ಟ್ರಕ್ ಹತ್ತಿ ಬೀಗದ ಕೈ ತಿರುಗಿಸಿದೆ. ಮುಂದಕ್ಕೆ ಹೋಗಲಾಗಲಿಲ್ಲ. ಕನ್ನಡಿಯಲ್ಲಿ ನೋಡಿದರೆ, ಅವನ ವಿಮಾನದ ಬಾಲ ನನ್ನ ಟ್ರಕ್ಕಿಗೇ ಕಟ್ಟಿತ್ತು. ನಾನೇ ಕಟ್ಟಿದ್ದೆ. ಆ ಹೊತ್ತಿನಲ್ಲೂ ನನಗೆ ನಗು ಬಂತು, ನಗುವಿನ ಹಿಂದೆಯೇ ಅಳು.

ಇಂಜಿನ್ ನಿಂತಿತು. ಗ್ರೇಡಿ ಇಳಿದು ಬಂದು ಹಗ್ಗದ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಎಳೆದ, ಹಿಂಜಿದ, ಉಗುರು ಹಾಕಿದ, ಹಲ್ಲಿನಿಂದಲೂ ಕಚ್ಚಿ ನೋಡಿದ. ಇಷ್ಟು ವರ್ಷ ಆ ಗಂಟುಗಳನ್ನು ಊರಿಗೆಲ್ಲ ತೋರಿಸಿದವನಿಗೆ ಒಂದನ್ನೂ ಬಿಚ್ಚಲು ಬರಲಿಲ್ಲ. ಕೊನೆಗೆ ಎದ್ದು ಬಂದು ನನ್ನ ಕಿಟಕಿಯ ಹತ್ತಿರ ನಿಂತ. ಹೆಡ್‌ಫೋನ್ ತೆಗೆದಿದ್ದ. ಕಿವಿ ಎರಡೂ ಕೆಂಪಗಾಗಿದ್ದವು.

"ಇದನ್ನ ಹೆಂಗೆ ಬಿಚ್ಚೋದು, ನೋರೀನ್?"

ನಾನು ರಸ್ತೆಯ ಕಡೆಗೆ ನೋಡುತ್ತಾ, "ವೆಂಡೆಲ್‌ನ ಕೇಳು" ಎಂದೆ.