ಮರೆಮ್ಮ ಕೇಳಿದ ಪದ್ಯದ ಪಾಠ

"ಸರ್ರ, ನನಗೊಂದು ಪದ್ಯದ ಪಾಠ ಕೊಡ್ರಿ," ಎಂದು ಮರೆಮ್ಮ ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ಕೇಳಿದಳು.

೧೯೯೮ರ ಮಾರ್ಚ್, ಸೋಮವಾರ. ಮರಾಠಿ ಸೀಮೆಯ ಧನಕವಡಿಯ ನಮ್ಮ ಡಿ.ಎಡ್. ಕಾಲೇಜಿನ ಕನ್ನಡ ವಿಭಾಗದಲ್ಲಿ, ಶಿಕ್ಷಕರಾಗಲು ಕಲಿಯುವವರಿಗೆ ಅಭ್ಯಾಸ ಪಾಠ ಹಂಚುವುದು, ಅವರು ಶಾಲೆಯ ಮಕ್ಕಳಿಗೆ ಪಾಠ ಮಾಡುವಾಗ ಕೊನೆಯ ಬೆಂಚಿನಲ್ಲಿ ಕುಳಿತು ಷರಾ ಬರೆಯುವುದು ನನ್ನ ಕೆಲಸ. ಮರೆಮ್ಮ ಎರಡನೆಯ ವರ್ಷದವಳು. ಅವಳ ತಂದೆ ತಾಯಿ ಯಾದಗಿರಿ ಕಡೆಯಿಂದ ಬಂದು ಪಕ್ಕದ ಕಾತ್ರಜದಲ್ಲಿ ಕಟ್ಟಡದ ಕೆಲಸಕ್ಕೆ ನಿಂತವರು.

"ಪರಿಸರ ವಿಷಯ ನಿನಗ ಛಲೋ ಒಗ್ಗೇದಲ್ಲ?" ಎಂದೆ.

"ಕೈ ತೊಳಿಯೂದು ಹನ್ನೊಂದು ಸಲ ಕಲಿಸೀನ್ರಿ. ಹುಡುಗರ ಕೈ ಸವದು ಹೋಗ್ಯಾವು."

ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಪಂಢರಿನಾಥ ಸರ್ ನಕ್ಕರು. ಅವಳು ನಗಲಿಲ್ಲ. ಶುಕ್ರವಾರ ಅವಳ ವಾರ್ಷಿಕ ಪಾಠ. ಹೊರಗಿನ ಪರೀಕ್ಷಕರ ಮುಂದೆ ಗದ್ಯವೋ ಪದ್ಯವೋ, ಚೀಟಿ ಎತ್ತಬೇಕು.

"ಪದ್ಯ ಬಂತಂದ್ರ ಏನು ಮಾಡ್ಲಿ ಸರ್ರ? ಫೇಲಾದ್ರ ಇನ್ನೊಂದು ವರ್ಷ ಮನ್ಯಾಗ ಕಳಸಂಗಿಲ್ಲ. ಅವ್ವ ಆಗಲೇ ಗಂಡು ನೋಡ್ಯಾಳ."

"ನಾ ಎಲ್ಲಾರಿಗೂ ಒಂದ ಸಮ ಹಂಚೀನಿ. ಪಟ್ಟಿ ತೋರಸ್ತೀನಿ, ತಡಿ."

ನಂಬಿಯೇ ಹೇಳಿದ ಮಾತು ಅದು. ಪಟ್ಟಿ ತೆಗೆದೆ. ಮರೆಮ್ಮನ ಹೆಸರಿನ ಮುಂದೆ ಸ್ವಚ್ಛತೆ, ನೀರು, ಆಹಾರ, ಮತ್ತೆ ಸ್ವಚ್ಛತೆ. ಅವಳ ತರಗತಿಯ ಸ್ನೇಹಲ್‌ಗೆ ಆರು ಪದ್ಯ. ತೋರಿಸದೆ ಮಡಚಿಟ್ಟೆ. "ನಾಳೆ ಬಾ," ಎಂದೆ.

ಹೀಗೇಕಾಯಿತು ಎಂದು ಮನಸ್ಸು ಕೆದಕತೊಡಗಿತು. ಕಪಾಟಿನಿಂದ ಹಿಂದಿನ ಎರಡು ವರ್ಷಗಳ ಪಟ್ಟಿಗಳನ್ನೂ ತೆಗೆದೆ. ಆಫೀಸಿನಿಂದ ಪ್ರವೇಶದ ರಿಜಿಸ್ಟರ್ ತರಿಸಿ, ಜಾತಿಯ ಕಾಲಮ್ಮಿನ ಪಕ್ಕಕ್ಕೆ ನನ್ನ ಪಟ್ಟಿ ಹಿಡಿದೆ. ಮೂರು ವರ್ಷದಲ್ಲಿ ಪರಿಶಿಷ್ಟ ಜಾತಿಯವರು ಒಂಬತ್ತು ಮಂದಿ. ಒಂಬತ್ತೂ ಮಂದಿಗೆ ಒಂದೂ ಪದ್ಯವಿಲ್ಲ. ಅಕ್ಷರ ನನ್ನದೇ.

"ಯೋಗಾಯೋಗ ಬಿಡ್ರಿ, ಸುಮ್ಮ ಹಂಗ ಕೂಡಿ ಬಂದದ, ಬಸವಪ್ರಭು," ಎಂದರು ಪಂಢರಿನಾಥ ಸರ್. "ನಿಮ್ಮಂಥಾ ದೇವರಂಥಾ ಮನುಷ್ಯಾಗ ಜಾತಿ ಎಲ್ಲಿ ಕಾಣ್ತದ?"

"ಕಂಡಿಲ್ಲ, ಖರೆ. ಆದ್ರ ಒಂಬತ್ತಕ್ಕ ಒಂಬತ್ತು ಹೆಂಗ ಬಂತು?"

ಅವರು ಕಪ್ಪಿನ ತಳ ನೋಡಿದರು. "ನೀವು ಮಾವಿನಹಣ್ಣು ಒತ್ತಿ ನೋಡಿದಂಗ ದನಿ ನೋಡ್ತೀರಲ್ಲ, ಅಲ್ಲೇ ಏನರ ಆಗಿರಬೇಕು."

ದನಿ ನೋಡುವುದು ನಾನೇ ಹಾಕಿಕೊಂಡ ಪದ್ಧತಿ. ನಮ್ಮಪ್ಪ ದಿನಾ ಸಂಜೆ ಲಿಂಗಪೂಜೆ ಮುಗಿಸಿ ವಚನ, ಪುರಾಣ ಓದುತ್ತಿದ್ದರು. ಅವರ ತೊಡೆಯ ಮೇಲೆ ಮಲಗಿ ಕೇಳುತ್ತ ಬೆಳೆದವನು ನಾನು. ಪ್ರತಿ ಜೂನ್‌ನಲ್ಲಿ ಹೊಸಬರನ್ನು ಸಾಲಾಗಿ ನಿಲ್ಲಿಸಿ ಮನೆಯಲ್ಲಿ ಕೇಳಿದ ನಾಲ್ಕು ಸಾಲು ಹೇಳಿಸುತ್ತಿದ್ದೆ. ಕಣ್ಣು ಮುಚ್ಚಿ ಕೇಳಿ, ಪದ್ಯ ಒಗ್ಗಿದ ದನಿಯ ಹೆಸರಿಗೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೆ. ಗುರುತಿದ್ದವರಿಗೆ ಪದ್ಯ.

ಮರುದಿನ ಮರೆಮ್ಮನನ್ನು ಕೇಳಿದೆ: "ಮೊದಲನೇ ದಿನ ನೀ ಏನು ಹೇಳಿದ್ದಿ?"

"ಏನೂ ಇಲ್ರಿ. ನಿಮ್ಮಪ್ಪ ಸಂಜಿಗೆ ಏನು ಓದ್ತಿದ್ರು, ಅದನ್ನ ಹೇಳು ಅಂದ್ರಿ. ನಮ್ಮಪ್ಪ ಸಂಜಿಗೆ ಮೈಗೆ ಹತ್ತಿದ ಸಿಮೆಂಟು ತೊಳಕೋತಿದ್ದ. ಸುಮ್ಮ ನಿಂತೆ. ನೀವು ಕಣ್ಣು ತೆಗೀಲಿಲ್ಲ. ಮುಂದಿನವರು ಅಂದ್ರಿ."

ಸಿಟ್ಟಿಲ್ಲದೆ ಹೇಳಿದಳು, ಬಸ್ಸಿನ ಹೊತ್ತು ಹೇಳಿದಂತೆ. ಬುಧವಾರಕ್ಕೆ ನಾಲ್ಕನೆಯ ತರಗತಿಯ ಪದ್ಯವೊಂದನ್ನು ಕೊಟ್ಟೆ. ಬಾವಿಯ ಮೇಲಿನ ಎಂಟು ಸಾಲು; ಬಾವಿಯ ಮುಖ ಕಂಡೆ, ತಳ ಕಂಡೆ ಎಂದು ಒಂದು 'ನಾನು' ಹೇಳುವ ಪದ್ಯ.

ಕೊನೆಯ ಬೆಂಚಿನಲ್ಲಿ ಕುಳಿತು ರೂಢಿಯಂತೆ ಕಣ್ಣು ಮುಚ್ಚಿದೆ. ಅವಳು ಹಾಡಲಿಲ್ಲ. ಯಾರೋ ಅಟ್ಟಿಸಿಕೊಂಡು ಬಂದಂತೆ ಎಂಟೂ ಸಾಲು ಓದಿ ಮುಗಿಸಿದಳು. ಮಕ್ಕಳು ಗುಜುಗುಜು ಶುರುಮಾಡಿದರು. ಆಮೇಲೆ ಅವಳ ಪ್ರಶ್ನೆ ಕೇಳಿಸಿತು: "ಈ ಪದ್ಯದಾಗ ಮಾತಾಡಾಕತ್ತಿದ್ದು ಯಾರು?"

"ಬಾವಿ!"

"ಅಲ್ರಿ ಟೀಚರ್, ಕೊಡ!"

"ಬಾವಿಗೆ ತನ್ನ ಮುಖ ಕಾಣ್ತದೇನ್ಲೇ, ಹುಚ್ಚ?"

ಗೋಡೆಯ ಬದಿಯಲ್ಲಿದ್ದ ಯಂಕವ್ವ ಎಂಬ ಹುಡುಗಿ ಎದ್ದು ನಿಂತಳು. "ಹಗ್ಗ ಇರಬೇಕ್ರಿ. ಅದೊಂದ ಮ್ಯಾಲೂ ಕೆಳಗೂ ನೋಡಿ ಬಂದದ."

ನಾನು ಕಣ್ಣು ತೆರೆದಿದ್ದೆ. ಆ ಪದ್ಯ ಹದಿನೈದು ವರ್ಷಗಳಿಂದ ನನ್ನ ಕಿವಿಯಲ್ಲಿತ್ತು. ಮಾತಾಡುತ್ತಿರುವುದು ಯಾರೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಮೂರನೆಯ ಸಾಲನ್ನು ಮನಸ್ಸಿನಲ್ಲೇ ಮತ್ತೆ ಹೇಳಿಕೊಂಡು ನೋಡಿದೆ. ಹಗ್ಗವೂ ಇರಬಹುದು.

ಪಾಠ ಮುಗಿದ ಮೇಲೆ ಷರಾ ಬರೆಯಲು ಅವಳ ವಹಿ ತೆಗೆದೆ. ಎರಡು ವರ್ಷದಿಂದ ನಾನು ಬರೆದದ್ದು ಒಂದೇ: 'ಉತ್ತಮ. ಶಿಸ್ತು ಇದೆ.' ಸ್ನೇಹಲ್‌ನ ವಹಿಯಲ್ಲಿ ಪುಟಗಟ್ಟಲೆ ತಿದ್ದಿದ್ದೆ. ಅವತ್ತು ಮರೆಮ್ಮನಿಗೂ ಒಂದು ಪುಟ ಬರೆದೆ: ಓದು ಅವಸರದ್ದು, ಸಾಲಿನ ಕೊನೆಗೆ ಉಸಿರು ನಿಲ್ಲುತ್ತಿಲ್ಲ, ಪ್ರಶ್ನೆ ಬಹಳ ಚೆನ್ನಾಗಿತ್ತು ಆದರೆ ತಡವಾಗಿ ಬಂತು.

ಅವಳು ಓದಿ, "ಇಷ್ಟು ತಪ್ಪು ಅದಾವೇನ್ರಿ?" ಎಂದಳು. ಮುಖ ಮಾತ್ರ ಅರಳಿತ್ತು.

ಅವತ್ತು ಮತ್ತು ಗುರುವಾರ ಮಧ್ಯಾಹ್ನ ಖಾಲಿ ತರಗತಿಯಲ್ಲಿ ಕುಳಿತು ಉಸಿರು ಎಲ್ಲಿ ನಿಲ್ಲಿಸಬೇಕೆಂದು ಹೇಳಿಕೊಟ್ಟೆ.

ಶುಕ್ರವಾರ ಸೊಲ್ಲಾಪುರದಿಂದ ಪರೀಕ್ಷಕರಾಗಿ ಇಂದೂ ಮೇಡಂ ಬಂದರು. ಮರೆಮ್ಮ ಎತ್ತಿದ ಚೀಟಿಯಲ್ಲಿ ಪದ್ಯವೇ ಇತ್ತು. ನಿಧಾನ ಓದಿದಳು, ಮೊದಲ ಪ್ರಶ್ನೆ ಬೇಗ ಬಂತು, ಮಕ್ಕಳು ಜಗಳಕ್ಕೇ ಬಿದ್ದರು. ನಡುವೆ ಒಂದು ಸಾಲು ಮರೆತು ಪುಸ್ತಕ ನೋಡಿದಳು.

ಪಾಠ ಮುಗಿದ ಮೇಲೆ ಮೇಡಂ ಎಲ್ಲರ ಎದುರಿಗೇ ನನ್ನ ಕಡೆ ತಿರುಗಿದರು. "ಹುಡುಗಿ ಛಲೋ ಕೇಳ್ತಾಳ, ಆದ್ರ ಪದ್ಯದಾಗ ಕಾಲೂರಿಲ್ಲ. ಎಷ್ಟು ಪದ್ಯಪಾಠ ಕೊಟ್ಟಿದ್ರಿ?"

"ಒಂದು."

"ಉಳಿದವರಿಗೆ?"

"ಐದು, ಆರು."

ಪಂಢರಿನಾಥ ಸರ್ ಕಣ್ಣಲ್ಲೇ ಬೇಡವೆಂದರು. ನನಗೆ ಮಾತು ಕಡಿಮೆ; ಆದರೂ ಹೇಳಿದೆ. "ತಪ್ಪು ನಂದು, ಮೇಡಂ. ಮೂರು ವರ್ಷದಾಗ ಒಂಬತ್ತು ಮಂದಿಗೆ ಹಿಂಗ ಮಾಡೀನಿ. ಎಲ್ಲಾರೂ ಪರಿಶಿಷ್ಟ ಜಾತಿಯವರು."

ಮೇಡಂ ತಾವು ಬರೆದ ಅಂಕೆಯನ್ನು ತಿದ್ದಲಿಲ್ಲ. ನೂರಕ್ಕೆ ಐವತ್ತೆಂಟು. ಪಾಸು.

ಮೆಟ್ಟಿಲ ಬಳಿ ಮರೆಮ್ಮ ನನ್ನನ್ನು ನಿಲ್ಲಿಸಿದಳು. ಕೈ ಮುಗಿಯುತ್ತಾಳೆಂದುಕೊಂಡೆ. ಅವಳು ಕೇಳಿದಳು: "ಸರ್ರ, ನನಗೂ ಆರು ಕೊಟ್ಟಿದ್ರ ಎಷ್ಟು ಬೀಳ್ತಿತ್ತು?"

"ಗೊತ್ತಿಲ್ಲವ್ವಾ," ಎಂದೆ.

"ನನಗೂ ಗೊತ್ತಾಗಂಗಿಲ್ಲ," ಎಂದು ಅವಳು ಕೆಳಗಿಳಿದಳು. ಮೊದಲ ವರ್ಷದ ಅಂಬಾದಾಸ ಅಂಗಳದಲ್ಲಿ ಸ್ವಚ್ಛತೆಯ ಪಾಠಕ್ಕೆ ಚಿತ್ರ ಅಂಟಿಸುತ್ತ ಕುಳಿತಿದ್ದ. ಆ ಒಂಬತ್ತರಲ್ಲಿ ಅವನೂ ಒಬ್ಬ; ಪದ್ಯದ ಪಾಠ ಕೊಡಲು ಅವನನ್ನು ಮೇಲಕ್ಕೆ ಕರೆದೆ.